ಬಾಗಿಲ ಹೊರಗಿನ ಪಾಲುದಾರ

ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ಡಾಕ್ಟರು ಹೇಳಿದ್ದಿಷ್ಟು:
ಅಣಬೆ ಕೋಣೆಗೆ ನೀವು ಕಾಲಿಡಬೇಡಿ.
ಚಿನ್ನದ ಗಣಿಯ ಹತ್ತೊಂಬತ್ತು ವರ್ಷದ ಧೂಳು
ಬಾಡಿಗೆ ಕೊಡದೆ ಆಗಲೇ ಒಳಗೆ ಕೂತಿದೆ,
ಅದರ ಪಕ್ಕ ಇನ್ನೊಂದು ಸಂಸಾರ ಬೇಡ.

ಹಾಗಾಗಿ ಟೆಯಾಟೆಯಾನೆಂಗಿನ ಈ ಇಳಿಜಾರಿನಲ್ಲಿ
ಅರ್ಧ ವ್ಯಾಪಾರದ ಯಜಮಾನ ನಾನು
ಬಾಗಿಲ ಹೊರಗೆ, ಕಂಬಳಿ ಹೊದ್ದು,
ತಕ್ಕಡಿಯ ಮುಂದೆ.
ಒಳಗೆ ಮ್ಪೊಲೊಕೆಂಗ್.

ಗೋಧಿ ಹುಲ್ಲು ಕತ್ತರಿಸುವುದು ನನ್ನ ಪಾಲು,
ಧೂಳೇಳದಂತೆ ನೆನೆಸಿ, ಬೆರಳುದ್ದ.
ಡ್ರಮ್ಮಿನ ಕೆಳಗಿನ ಬೆಂಕಿ ಅವಳದು.
ಬೆಂದ ಹುಲ್ಲು ಆರಿದ ಮೇಲೆ
ಚೀಲಕ್ಕೆ ಒಂದು ಪದರ ಹುಲ್ಲು, ಒಂದು ಹಿಡಿ ಬೀಜ.
ಬೀಜವೆಂದರೆ ಬಿಳಿ ಬೂಷ್ಟು ಹಿಡಿದ ಜೋಳದ ಕಾಳು.
ಅವಳ ತಾಯಿ ಮೊದಲ ಸಲ ನೋಡಿ ಕೇಳಿದ್ದಳು:
ಕೆಟ್ಟ ಕಾಳಿಗೂ ದುಡ್ಡು ಕೊಟ್ಟು ತಂದಿರಾ?

ಆಮೇಲೆ ಹದಿನೆಂಟು ದಿನ ಕತ್ತಲೆ.
ಕತ್ತಲೆಯ ವಿಷಯ ನನ್ನನ್ನು ಕೇಳಿ.
ಎರಡು ಕಿಲೋಮೀಟರ್ ಕೆಳಗೆ
ಅದರಲ್ಲಿ ಏನಾದರೂ ಬೆಳೆದದ್ದು ಕಂಡಿಲ್ಲ,
ಒಡೆದು ತೆಗೆದದ್ದು ಮಾತ್ರ.
ಈ ಮಣ್ಣುಗೋಡೆಯ ಕತ್ತಲೆ ಬೇರೆ ಜಾತಿಯದಂತೆ;
ಅವಳು ಹೊರಬಂದು ವರದಿ ಒಪ್ಪಿಸುತ್ತಾಳೆ:
'ಏಳನೆಯ ಚೀಲ ಪೂರ್ತಿ ಬೆಳ್ಳಗಾಗಿದೆ.'
'ಹನ್ನೊಂದಕ್ಕೆ ಹಸಿರು ಬೂಷ್ಟು.'
ಹನ್ನೊಂದನ್ನು ಹೂಳಲು ಗುಂಡಿ ನಾನೇ ತೋಡಿದೆ,
ಐದು ಸಲ ನಿಂತು.

ಪಟ್ಟಣದಿಂದ ಒಬ್ಬ ಬಂದ, ಹೊಳೆಯುವ ಬೂಟು.
'ಸಾವಯವ' ಎಂದು ಬರೆಯಬೇಕಾದರೆ ಪ್ರಮಾಣಪತ್ರ ಬೇಕಂತೆ.
ಶುಲ್ಕ ಕೇಳಿ ಮ್ಪೊಲೊಕೆಂಗ್ ನಕ್ಕಳು,
ನಾಲ್ಕು ತಿಂಗಳ ಅಣಬೆ ಒಂದು ಕಾಗದಕ್ಕೆ!
ಏನೇನು ಔಷಧಿ ಬಳಸುತ್ತೀರಿ? ಎಂದ.
'ಕುದಿಯುವ ನೀರು. ಕೈಗೆ ಸೋಪು.
ನೊಣಕ್ಕೆ ಅಂಟು ಸವರಿದ ಹಳದಿ ಡಬ್ಬಿ.'
ಬರೆದುಕೊಂಡ. ಮೂರು ಪ್ಯಾಕೆಟ್ ಕೊಂಡು ಹೋದ.
ಈಗ ಚೀಟಿಯ ಮೇಲೆ ನಾನು ಬರೆಯುವುದು ಇಷ್ಟೇ:
ಹುಲ್ಲು, ನೀರು, ಮ್ಪೊಲೊಕೆಂಗ್.

ಗುರುವಾರ ಲಾಡ್ಜಿನ ಅಡುಗೆಯವ ಸೆಲ್ಲೊ ಬರುತ್ತಾನೆ,
ಅಂಚು ಹರಿದದ್ದನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಡುತ್ತಾನೆ.
ಪಕ್ಕಕ್ಕಿಟ್ಟದ್ದೆಲ್ಲ ಬಸ್ ನಿಲ್ದಾಣದ ಬಾಣಲೆಗೆ,
ಈರುಳ್ಳಿಯ ಜೊತೆ. ರುಚಿ ಅದೇ. ಲೆಕ್ಕ ಬೇರೆ.

ಸೆಪ್ಟೆಂಬರಿನಲ್ಲಿ ಅವಳು ಬೆಟ್ಟದಾಚೆ ಮಣ್ಣಿಗೆ ಹೋದಳು.
ಅಕಾಲದ ಹಿಮ. ಬಸ್ಸು ಅಲ್ಲೇ ನಿಂತಿತು.
ಅಣಬೆ ಬಸ್ಸಿಗೆ ಕಾಯುವುದಿಲ್ಲ,
ಬೆಳಿಗ್ಗೆ ಅಂಗಿಯ ಗುಂಡಿಯಷ್ಟಿದ್ದದ್ದು ನಾಳೆಗೆ ಅಂಗೈ,
ನಾಡಿದ್ದು ಅಂಚು ಮೇಲೆತ್ತಿ
ಬಿಳಿ ಪುಡಿ ಉದುರಿಸುವ ಮುದುಕ.
ಮೂರನೆಯ ದಿನ ಚಿಲಕಕ್ಕೆ ಕೈಯಿಟ್ಟೆ.
ಇಟ್ಟ ಕೈ ಅಲ್ಲೇ ಇತ್ತು,
ಒಂದು ಕೆಮ್ಮು ಮುಗಿಯುವವರೆಗೆ.

ಆಮೇಲೆ ಪಕ್ಕದ ಮನೆಯ ಲಿನೆಯೊಳನ್ನು ಕರೆದೆ, ಆರನೇ ಕ್ಲಾಸು,
ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿ ಒಳಗೆ ಕಳಿಸಿದೆ.
'ಎಡಗಡೆ, ಎರಡನೇ ಹಲಗೆ, ಗೋಡೆಯಿಂದ ಮೂರನೆಯದು.
ಎಳೆಯಬೇಡ, ತಿರುಚು. ಗೊಂಚಲು ಇಡಿಯಾಗಿ ಬರಲಿ.
ಕೆಳಗಿನ ಹಲಗೆಗೆ ತಲೆ ಬಡಿದೀಯ, ಬಗ್ಗು.'
ಒಳಗಿನಿಂದ ಅವಳು:
'ಅಜ್ಜಾ, ನೀನು ಬಂದೇ ಇಲ್ಲವಲ್ಲ, ಹೇಗೆ ಗೊತ್ತು?'
ಹೇಳಲಿಲ್ಲ. ತೂಗುತ್ತಿದ್ದೆ.
ಆರು ಕಿಲೋ ನಾನೂರು.

ಮರುದಿನ ಮಧ್ಯಾಹ್ನ ಮ್ಪೊಲೊಕೆಂಗ್ ಬಂದವಳೇ
ಕಂಬಳಿಯ ಹಿಮ ಕೊಡವುವ ಮೊದಲು ಬುಟ್ಟಿ ತೆರೆದಳು:
'ತೊಟ್ಟು ಇಷ್ಟುದ್ದ ಬಿಟ್ಟವರು ಯಾರು?
ಸೆಲ್ಲೊ ತೊಟ್ಟಿಗೂ ದುಡ್ಡು ಕೊಡುತ್ತಾನಾ?'
ಚಾಕು ಹುಡುಕಿ ತಂದಳು.
ಕಲ್ಲಿನ ಮೇಲೆ ನಾನು
ಸ್ವಲ್ಪ ಸರಿದು ಕೂತೆ.