ನಳಕ್ಕೆ ಕಟ್ಟಿದ ಬಟ್ಟೆ

ಝುವಾರಿನಗರದ ನಮ್ಮ ಸಾಲಿಗೆ
ನೀರು ಬರೂದು ನಸುಕಿನ ನಾಲ್ಕಕ್ಕ.
ನಳದ ಬಾಯಿಗೆ ನನ್ನ ಹಳೇ ಇಳಕಲ್ ಸೀರಿ ತುಂಡು,
ನಾಕು ಮಡಿಕಿ.

ಮಳಿಗಾಲದಾಗ ಅದು ಕೆಂಪಾತು.
ಓಣಿಗೆ ಓಣಿನ ಎದ್ದು ನಿಂತು
ಬಟ್ಟಿ ಕೋಲಿಗೆ ಕಟ್ಟಿ ಪಂಚಾಯ್ತಿತನಕ ಹೋದ್ವಿ,
ನಿಶಾನಿ ಹಿಡದವರಂಗ.
ಸೀಸೆ ತುಂಬಿಕೊಂಡು ಹೋದ ಸರದೇಸಾಯಿ ಬಾಯಿ
ಎಂಟು ದಿನ ಬಿಟ್ಟು ಬಂದು ಅಂದ್ಲು:
"ತುಕ್ಕು ಅಷ್ಟ. ಪೈಪು ಹಳೇದು. ಕುಡದರ ಸಾಯೂದಿಲ್ಲ."
ಯಾರೂ ನಂಬಲಿಲ್ಲ.
ಕ್ಯಾನಿಗೆ ನಲವತ್ತು ರೂಪಾಯಿ, ಒಂದು ತಿಂಗಳು ಕೊಟ್ವಿ.
ಅಂವ ಕ್ಯಾನು ಎಲ್ಲಿ ತುಂಬತಾನ
ಕೇಳಲಿಲ್ಲ.

ಚೌತಿ ಮುಗಿದ ಮ್ಯಾಲೆ ಬಟ್ಟಿ ಬೆಳ್ಳಗಾತು.
ಕನ್ನಡಿಯಂಥ ನೀರು. ಕೊಡದ ತಳದಾಗ
ಅಂಗಡಿಯಂವನ ಮುದ್ರಿ ಓದಬಹುದಿತ್ತು.
ಅದ ವಾರ ಸರದೇಸಾಯಿ ಬಾಯಿ ಓಡಿ ಬಂದ್ಲು,
ಮಳಿಯಾಗ, ಛತ್ರಿ ಸೈತ ಇಲ್ಲದ:
"ಮ್ಯಾಲಿನ ಓಣಿಯಾಗ ಗಟಾರು ಒಡದೈತಿ, ಪೈಪಿನ ಮಗ್ಗಲಕ್ಕ.
ಕುದಸ್ರಿ. ಕುದಸದ ಮಕ್ಕಳಿಗೆ ಹನಿ ಕೊಡಬ್ಯಾಡ್ರಿ."
ನಾವು ಲೋಟ ಬೆಳಕಿಗೆ ಹಿಡದು ತೋರಸಿದ್ವಿ.
ನಕ್ವಿ ಸೈತ.
ಸಿಲಿಂಡರು ಪುಕಟ ಬರ್ತೈತೇನು?

ಮೊದಲು ಫೆಲಿಸಿಯಾನಾ ಬಾಯಿಯ ಮೊಮ್ಮಗ,
ಆಮ್ಯಾಲೆ ನನ್ನ ಶಿವಲೀಲಾ.
ಮೂರು ದಿನ ಚಿಕಲಿ ದವಾಖಾನಿಯಾಗ,
ಬಳಿ ತಗದ ಕೈಗೆ ಸೂಜಿ,
ಮ್ಯಾಲೆ ತೂಗಬಿದ್ದ ಬಾಟಲಿ.
ಅದರಾಗೂ ನೀರ, ಕನ್ನಡಿಯಂಥಾದ್ದು.

ಒಂದೊಂದ ಹನಿ ಇಳಿಯೂದು ನೋಡಕೋತ ಕುಂತಾಕಿ
ನಡುರಾತ್ರಿ ನರ್ಸಮ್ಮನ್ನ ಎಬ್ಬಿಸಿ ಕೇಳಿದೆ:
ಇದನ್ನ
ಕುದಿಸೀರೇನ್ರಿ?