ಕರೆ

ಕೌಲ್‌ಬಜಾರಿನ ವಾಷಿಂಗ್ ಯೂನಿಟ್ಟಿನಲ್ಲಿ
ಒಂಬತ್ತು ವರ್ಷ ಜೀನ್ಸಿನ ನೀಲಿ ಕುಡಿದ ಕೈ ಇವು.
ನಿಂಬೆಹೋಳು ತಿಕ್ಕಿದೆ, ಸೀಮೆಎಣ್ಣೆ ತಿಕ್ಕಿದೆ,
ಉಗುರಿನ ಬುಡದ್ದು ಮಾತ್ರ ಹೋಗಲಿಲ್ಲ.
ಪ್ರಭುಭೋಜನದ ರೊಟ್ಟಿಗೂ
ಸೆರಗು ಮುಚ್ಚಿಕೊಂಡೇ ಕೈ ಚಾಚುತ್ತಿದ್ದೆ.

ಮೇ ತಿಂಗಳ ಮೊದಲ ಭಾನುವಾರ.
ಬಳ್ಳಾರಿಯ ಬಂಡೆಗುಡ್ಡ ಬೆಳಗಿನ ಏಳಕ್ಕೇ ಕಾದಿತ್ತು.
ಚರ್ಚಿನಲ್ಲಿ ಮೂರು ಫ್ಯಾನು, ಎರಡು ತಿರುಗುತ್ತಿದ್ದವು.
ಪ್ರಸಂಗ ಮುಗಿಸಿ ಅಯ್ಯನವರು ಕನ್ನಡಕ ಒರೆಸಿ
ರೇಷನ್ ಚೀಟಿ ಓದುವವರ ಹಾಗೆ ಓದಿದರು:
ಮಾನ್ವಿ ದಾಟಿ ಒಳಗೆ ಒಂದೂರು.
ಕ್ಷಯದ ಮನೆ ಹನ್ನೊಂದು.
ನರ್ಸಮ್ಮ ಬರುವುದು ತಿಂಗಳಿಗೊಮ್ಮೆ.
ಮಾತ್ರೆ ನುಂಗಿಸಿ, ಪಕ್ಕದಲ್ಲಿ ಕೂರುವವರು ಬೇಕು.
ಒಂದು ವರ್ಷ. ಸಂಬಳ
(ಇಲ್ಲಿ ಅವರು ಕೆಮ್ಮಿದರು)
ಅಷ್ಟೇನಿಲ್ಲ.

ಎಲ್ಲರೂ ನೆಲ ನೋಡಿದರು. ನಾನೂ.
ನೆಲದ ಮೇಲೆ ಯಾರದೋ ಕೂಸಿನ ಒಂಟಿ ಕಾಲ್ಗೆಜ್ಜೆ.
ಎತ್ತಿಕೊಡೋಣವೆಂದು ಎದ್ದೆ.
ಎದ್ದವಳನ್ನು ಅಯ್ಯನವರು ನೋಡಿದರು.
'ಕೃಪಾವತಿ?' ಅಂದರು, ಅವರಿಗೇ ನಂಬಿಕೆಯಿಲ್ಲದೆ.
ಅಲ್ಲ ಅಯ್ಯ, ಗೆಜ್ಜೆ, ಎಂದು ಹೇಳಬಹುದಿತ್ತು.
ಬಾಯಿ ತೆರೆದರೆ ಬಂದದ್ದು
ಹೂಂ.

ಕರೆ ಬಂತೆಂದು ಸಾಕ್ಷಿ ಹೇಳುವವರಿಗೆ
ಬೆಳಕು ಕಂಡಿರುತ್ತದೆ, ಕನಸು ಬಿದ್ದಿರುತ್ತದೆ.
ನನಗೆ ಗೆಜ್ಜೆ.
ರಾತ್ರಿ ಮಾಳಿಗೆಯ ಮೇಲೆ ಮಲಗಿ ಜಗಳಾಡಿದೆ:
ದೇವರೇ, ಇದು ಸರಿಯಲ್ಲ,
ಮಾತು ಬರುವವರಿದ್ದಾರೆ, ಓದಿದವರಿದ್ದಾರೆ,
ಎದ್ದು ನಿಂತವರನ್ನೆಲ್ಲ ಹಿಡಿದುಕೊಳ್ಳುವುದೇ?
ಆತ ಏನೂ ಅನ್ನಲಿಲ್ಲ.
ಗೆದ್ದವರು ಹಾಗೇ ಸುಮ್ಮನಿರುತ್ತಾರೆ.

ಅಣ್ಣ ಶಾಂತರಾಜ ತಟ್ಟೆ ಸರಿಸಿದ:
'ಮತ ತಿರುಗಿಸಾಕ ಬಂದಾಳಂತ ಕಲ್ಲು ಒಗೀತಾರ.
ಇಲ್ಲಾ ಆ ಕೆಮ್ಮು ನಿನಗ ಹತ್ತತೈತೆ.
ಎರಡ್ರಾಗ ಒಂದು.'
ಅವ್ವ ಎರಡು ದುಪ್ಪಟಿ ಮಡಚಿ, ಮೂರನೆಯದನ್ನೂ ಮಡಚಿ
ನನ್ನ ಮುಖ ನೋಡದೆ ಹೇಳಿದಳು:
'ಹೆದರಿಕೆ ಹೋಗ್ಲಿ ಅಂತ ಕಾದ್ರೆ
ಬಸ್ಸೂ ಹೋಗ್ತೈತೆ.'

ಸಿರುಗುಪ್ಪ. ದಢೇಸೂಗೂರಿನ ಸೇತುವೆ.
ಹೊಳೆಯಲ್ಲಿ ನೀರಿಗಿಂತ ಬಂಡೆ ಜಾಸ್ತಿ.
ಸಿಂಧನೂರಿನಲ್ಲಿ ಇಳಿದು ಮೊದಲು ಕೇಳಿದ್ದು
ಬಳ್ಳಾರಿ ಬಸ್ಸು ಯಾವ ಕಡೆ ನಿಲ್ಲುತ್ತದೆಂದು.
(ಇದನ್ನು ಅಯ್ಯನವರಿಗೆ ಇನ್ನೂ ಹೇಳಿಲ್ಲ.)
ಆಮೇಲೆ ಎರೆನೆಲ, ಎರೆನೆಲ,
ಹಿತ್ತಲಿಗೊಂದು ಹತ್ತಿಕಟ್ಟಿಗೆಯ ಬಣವೆ.
ನಾನು ನೀಲಿಯಲ್ಲಿ ಕಂಡ ಬಟ್ಟೆಯೆಲ್ಲ
ಬೆಳ್ಳಗೆ ಹುಟ್ಟಿದ್ದು ಇಲ್ಲೇ.

ಕಟ್ಟೆಯ ಮೇಲಿನ ಮುದುಕ ಕೇಳಿದ:
'ಏನ್ ಮಾರಾಕ ಬಂದೀ?'
'ಏನಿಲ್ರೀ.'
'ಮತ್ತ?'
ಆ 'ಮತ್ತ'ಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.
ಬಿಸಿಲಲ್ಲಿ ಚೀಲ ಹಿಡಿದು ನಿಂತೆ.
ಬಹಳ ಹೊತ್ತಿನ ಮೇಲೆ ಚಾಚಿದ ಕಾಲು ಮಡಚಿ
ದಾರಿ ಕೊಟ್ಟ.

ಹುಸೇನಮ್ಮ ಮೊದಲ ದಿನ ಮಾತ್ರೆ ಉಗುಳಿದಳು.
ಎರಡನೆಯ ದಿನ ನುಂಗಿದಳು.
ಮೂರನೆಯ ದಿನ ಬಚ್ಚಲಿಂದ ಕೂಗು:
'ರಕ್ತ ಹೋಗಾಕತ್ತೈತಿ! ಕೊಲ್ಲಾಕ ಬಂದೀಯೇನ ನನ್ನ?'
ಬೀದಿ ಬಾಗಿಲಿಗೆ ಬಂತು.
ಕಟ್ಟೆಯ ಮುದುಕನೂ. ಯಾರದೋ ಕೈಯಲ್ಲಿ ಕೋಲು.
ನನ್ನ ಮೊಣಕಾಲು ನಡುಗಿದ್ದು ಸೀರೆಯ ಮೇಲೂ ಕಂಡಿರಬೇಕು.
ಓಡಲಿಲ್ಲ, ನಿಜ. ಅವರು ಬಾಗಿಲಲ್ಲೇ ಇದ್ದರಲ್ಲ.

'ರಕ್ತ ಅಲ್ಲವ್ವ, ಬಣ್ಣ. ಮಾತ್ರೆದು ಕೆಂಪು ಬಣ್ಣ.
ಬಣ್ಣದ ಕೆಲಸ ನನಗ ಗೊತ್ತು, ನೋಡು' ಎಂದು
ಸೆರಗು ಸರಿಸಿ ಎರಡೂ ಕೈ
ಎಲ್ಲರೆದುರು ಬೆಳಕಿಗೆ ಹಿಡಿದೆ.

ಮುದುಕಿ ನನ್ನ ಬೆರಳನ್ನು ಒಂದೊಂದಾಗಿ ತಿರುವಿ ನೋಡಿದಳು,
ಸಂತೆಯಲ್ಲಿ ಬದನೆಕಾಯಿ ನೋಡುವ ಹಾಗೆ.
'ಯಾವಾಗಿನ ಕರೆ ಇದು?'
ಒಂಬತ್ತು ವರ್ಷದ್ದು ಅನ್ನಲು ಹೋಗಿ
ಸುಮ್ಮನಾದೆ.
'ಹೋಗಂಗಿಲ್ಲೇನು?'
'ಇಲ್ಲವ್ವ.'

ಮಾತ್ರೆ ನುಂಗಿದಳು.
ನುಂಗಿದ್ದಕ್ಕೆ ಸಾಕ್ಷಿಯಾಗಿ
ಹಲ್ಲಿಲ್ಲದ ಬಾಯಿ ಅಗಲಿಸಿ ತೋರಿಸಿದಳು.
ಕೋಲಿನವನು ಕೋಲನ್ನು ಗೋಡೆಗೆ ಒರಗಿಸಿ ನೀರು ಕೇಳಿದ.
'ನಾಳೆ ಬರೂಮುಂದ
ಚೂರು ಬೆಲ್ಲ ತಾ' ಅಂದಳು ಹುಸೇನಮ್ಮ,
'ಬಲೇ ಕಹಿ ಐತಿ ನಿನ್ನ ದೇವರು ಕಳಿಸಿದ್ದು.'