ಗುಡಿಸು

ಮಗ್ಗುಲು ಬದಲಿಸಿದರೆ ಸಾಕು, ಡಾಕ್ಟರೇ,
ಕೋಣೆಯೇ ಮಗುಚುತ್ತದೆ, ಎಂದ ವಿಲ್ಫ್ ಗಾರ್ಬಟ್.
ನಾನು ಡಾಕ್ಟರಲ್ಲ, ಹಲ್ ನಗರದ ಆಸ್ಪತ್ರೆಯಲ್ಲಿ
ಎರಡನೇ ಮಹಡಿಯಲ್ಲಿ ಕಿವಿ ಅಳೆಯುವವಳು.
ಮೂರು ಸಲ ಹೇಳಿದೆ. ಕೇಳಿಸಲಿಲ್ಲ.

ಹದಿನಾರಕ್ಕೇ ಟ್ರಾಲರ್ ಹತ್ತಿದವನಂತೆ.
ಐಸ್‌ಲ್ಯಾಂಡಿನಾಚೆ, ಮನೆಯೆತ್ತರದ ಅಲೆಯಲ್ಲಿ
ಮೀನಿನ ಹೊಟ್ಟೆ ಬಗೆಯುತ್ತ ನೆಟ್ಟಗೆ ನಿಂತವನು,
ಒಂದು ದಿನವೂ ಕಕ್ಕಿಕೊಂಡವನಲ್ಲ.
ಈಗ ಹೆಸ್ಸಲ್ ರೋಡಿನ ಮನೆಯಲ್ಲಿ, ಕದಲದ ಮಂಚ,
ಪಕ್ಕದಲ್ಲೊಂದು ಬಕೆಟ್ಟು.

ನಮ್ಮ ಕಡೆ ತಲೆ ತಿರುಗಿದೆ ಎಂದರೆ ಸೊಕ್ಕು.
ಹೊಸ ಬುಲೆಟ್ ಕೊಂಡವರಿಗೆಲ್ಲ ನನ್ನ ಸೋದರತ್ತೆ
ಹಾಗೆಂದೇ ರೋಗ ಹೇಳುತ್ತಿದ್ದಳು.
ವಿಲ್ಫನದು ಸೊಕ್ಕಲ್ಲ, ಸುಣ್ಣ.
ಒಳಗಿವಿಯಲ್ಲಿ ಒಂದಿಷ್ಟು ಹರಳು, ಎಲೆಗೆ ಸವರಲೂ ಸಾಲದಷ್ಟು,
ಇದ್ದ ಜಾಗ ಬಿಟ್ಟು
ಬಳೆಚೂರಿನಂಥ ಮೂರು ಕೊಳವೆಗಳಲ್ಲೊಂದಕ್ಕೆ ಇಳಿದಿದೆ.
ಅಷ್ಟಕ್ಕೇ ಭೂಮಿ ಸುಳ್ಳು ಹೇಳತೊಡಗುತ್ತದೆ.

ಕತ್ತು ಬಲಕ್ಕೆ, ಕಣ್ಣು ತೆರೆದೇ ಇರಲಿ, ಎಂದು
ಒಮ್ಮೆಲೇ ಹಿಂದಕ್ಕೆ ಮಲಗಿಸಿದೆ.
ಮಂಚದಂಚಿನಾಚೆ ಅವನ ತಲೆ ನನ್ನ ಅಂಗೈಗಳಲ್ಲಿ,
ಬಲಿತ ಕುಂಬಳಕಾಯಿಯ ಭಾರ.
ಒಂದು, ಎರಡು, ಮೂರು, ನಾಲ್ಕು. ಏನಿಲ್ಲ.
ಐದಕ್ಕೆ ಆ ನೀಲಿ ಕಣ್ಣುಗಳು,
ಬ್ಯಾಟರಿ ತೀರುತ್ತಿರುವ ಗಡಿಯಾರದ ಸೆಕೆಂಡಿನ ಮುಳ್ಳು
ಎದ್ದೆದ್ದು ಬೀಳುವ ಹಾಗೆ, ತಿರುಚಿ, ತಿರುಚಿ.
ಹಿಡಕೋ ಹುಡುಗೀ, ಹಿಡಕೋ! ಅಂದ. ಅವನ ಬೆರಳಿನ ಗುರುತು
ಸಂಜೆಯ ಚಹಾದವರೆಗೂ ನನ್ನ ತೋಳಲ್ಲಿತ್ತು.
ಅವನು ಅಲ್ಲಿ ಮುಳುಗುತ್ತಿದ್ದರೆ
ನನಗೆ ಹೇಳಿಕೊಳ್ಳಬಾರದ ಖುಷಿ: ಸಿಕ್ಕಿತು.

ಇನ್ನು ಗುಡಿಸುವ ಕೆಲಸ.
ಪೊರಕೆ ಇಲ್ಲ, ಮನೆಯನ್ನೇ ಓರೆ ಮಾಡಿ
ಕಸ ಜಾರಿಸುವುದು.
ತಲೆ ಎಡಕ್ಕೆ, ಒಂದು ನಿಮಿಷ.
ಮೈ ಪೂರ್ತಿ ಎಡಮಗ್ಗುಲಿಗೆ, ಮೂಗು ನೆಲದ ಕಡೆ, ಇನ್ನೊಂದು.
ಮೆಲ್ಲಗೆ ಎಬ್ಬಿಸಿ ಕೂರಿಸಿ, ಕಾದು,
ಮತ್ತೆ ಮಲಗಿಸಿ ನೋಡಿದೆ.
ಕಣ್ಣು ನಿಂತಲ್ಲೇ ನಿಂತವು.
ಚಾವಣಿಯಲ್ಲಿ ನೀರು ಸೋರಿದ ಕಲೆಯಿದೆ,
ಯಾರಿಗಾದರೂ ಹೇಳಿ, ಎಂದ ವಿಲ್ಫ್.

ಬಂದದ್ದು ಬಂದೆವು, ಕೇಳಿಸುತ್ತದೆಯೋ ಅದನ್ನೂ ನೋಡಿಬಿಡಿ,
ಮೂಲೆಯಿಂದ ಹೆಂಡತಿ, ತೊಡೆಯ ಮೇಲೆ ಒದ್ದೆ ಕೊಡೆ.
ಸದ್ದಿಲ್ಲದ ಗೂಡಿನಲ್ಲಿ ಕೂರಿಸಿ ಗುಂಡಿ ಕೊಟ್ಟೆ,
ಕೀಂ ಎಂದಾಗಲೆಲ್ಲ ಒತ್ತು.
ಗ್ರಾಫಿನ ಗೆರೆ ಸ್ವಲ್ಪ ದೂರ ಸಪಾಟಾಗಿ ನಡೆದು
ಬಂದರಿನ ಕಟ್ಟೆ ಮುಗಿದಲ್ಲಿ ಮುಗಿಯುವ ಹಾಗೆ
ದಿಢೀರನೆ ಕೆಳಕ್ಕೆ.
ಸ್ವರಗಳು ಉಳಿದಿವೆ. ಸ, ಶ, ಫ
ಇಂಜಿನ್ನಿನ ಪಕ್ಕ ಇಪ್ಪತ್ತೆರಡು ವರ್ಷದಲ್ಲಿ
ಸಮುದ್ರದ ಪಾಲು.

ನಿಮ್ಮ ಹೆಸರು? ಎಂದೆ ಅವಳನ್ನು.
ಸಿಸ್ಸಿ.

ಚೀಟಿಯ ಅಂಚಿನಲ್ಲಿ ಕನ್ನಡದಲ್ಲಿ ಬರೆದೆ, ಸುಮ್ಮನೆ.
ಸ ಅಳಿಸಿದೆ. ಇನ್ನೊಂದು ಸ. ಅದರ ಒತ್ತು.
ಉಳಿದದ್ದು ಎರಡು ಗುಡಿಸು,
ತಗುಲಿಕೊಳ್ಳಲು ಅಕ್ಷರವಿಲ್ಲದೆ,
ಹ್ಯಾಂಗರಿಲ್ಲದ ಕೊಕ್ಕೆಗಳು.
ಫೋನಿನಲ್ಲಿ ಅವಳು ನಾನು ಎಂದಾಗಲೆಲ್ಲ
ಯಾರು, ಯಾರು ಎನ್ನುತ್ತಿದ್ದನಂತೆ.
ಅವಳು ಬೇರೆ ಏನೋ ಎಣಿಸಿದ್ದಳು.

ಆರು ವಾರ. ಎರಡು ಸಣ್ಣ ಯಂತ್ರ, ಹುರುಳಿಕಾಳಿನಷ್ಟು ಬ್ಯಾಟರಿ.
ಅವನ ಬೆನ್ನ ಹಿಂದೆ ನಿಂತು ಏನಾದರೂ ಹೇಳಿ, ಎಂದೆ.
ಅವಳು ಹೇಳಿದ್ದು ಪ್ರೀತಿಯ ಮಾತಲ್ಲ:
ಶೂ ಲೇಸು ಬಿಚ್ಚಿದೆ, ಸರಿಯಾಗಿ ಕಟ್ಟಿಕೋ.
ವಿಲ್ಫ್ ಬೆಚ್ಚಿ ತಿರುಗಿದ, ತಲೆ ತಿರುಗದೆ:
ಇದೇನೇ, ಕುದಿಯೋ ಕೆಟಲ್ಲಿನ ಹಾಗೆ ಬುಸುಗುಡ್ತೀಯ?
ಸಾಕು, ಸುಮ್ಮನಿರು, ಎಂದಳು ಸಿಸ್ಸಿ,
ಒಂದೊಂದು ಸಕಾರಕ್ಕೂ ಅವನ ಹುಬ್ಬು ಮೇಲೇರಿತು.

ಮುಂದಿನವರನ್ನು ಕರೆಯಲು ಬಾಗಿಲು ತೆರೆದರೆ
ಇನ್ನೂ ಮೆಟ್ಟಿಲಲ್ಲೇ ಇದ್ದರು ಇಬ್ಬರೂ,
ಕಟಕಟೆ ಹಿಡಿ, ಹಿಡಿಯೋದಿಲ್ಲ, ಎಂದು ಜಗಳ,
ಸಕಲ ವ್ಯಂಜನಗಳ ಸಮೇತ.